ಆಟದ ಸ್ಟೇರಿಂಗು, ದಾರಿಯ ಸ್ಟೇರಿಂಗು

ಕಬ್ಬಿನ ಹಂಗಾಮು ಬಂದಿತೆಂದರೆ ನಮ್ಮ ತಿಮ್ಮಾಪುರದ ದಾರಿಗಳಲ್ಲಿ ಹಗಲಿರುಳೂ ಟ್ರ್ಯಾಕ್ಟರುಗಳ ಸಾಲು ಸಾಗುವದು; ಒಂದೊಂದರ ಹಿಂದೆ ಎರಡೆರಡು ತುಂಬಿದ ಟ್ರೇಲರುಗಳು. ಇವುಗಳನ್ನು ನೋಡುತ್ತ ಬೆಳೆದ ನನ್ನ ಹದಿಮೂರು ವರ್ಷದ ಮೊಮ್ಮಗನು ಮೊಬಾಯಿಲಿನಲ್ಲಿ ಬಸ್ಸು ನಡೆಸುವ ಆಟವನ್ನಾಡುತ್ತ ಒಂದು ದಿನ, “ಅಜ್ಜಾ, ನನಗೀಗ ಟ್ರ್ಯಾಕ್ಟರ್ ಹೊಡ್ಯಾಕ ಬರ್ತದ” ಎಂದುಬಿಟ್ಟನು. ಈ ಮಾತಿನ ಸತ್ಯಾಸತ್ಯವನ್ನು ವಿಚಾರಿಸುವದು ಪ್ರತಿಯೊಬ್ಬ ಗೃಹಸ್ಥನಿಗೂ ಅವಶ್ಯವೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ನಿಜವಾದ ಮೋಟಾರಿನಲ್ಲಿ ಸ್ಟೇರಿಂಗನ್ನು ಸುಮಾರು 15 ಡಿಗ್ರಿ ತಿರುಗಿಸಿದರೆ ಮುಂದಿನ ಗಾಲಿಯು 1 ಡಿಗ್ರಿಯಷ್ಟೇ ಹೊರಳುವದು. ಎಡದ ತುದಿಯಿಂದ ಬಲದ ತುದಿಗೆ ಸುಮಾರು ಮೂರು ಸುತ್ತು. ಲಾರಿಗಳಿಗೆ ಇನ್ನೂ ಹೆಚ್ಚು. ಕೈಯ ಸಣ್ಣ ತಪ್ಪು ದಾರಿಯಲ್ಲಿ ದೊಡ್ಡದಾಗದಿರಲೆಂದೇ ಈ ಏರ್ಪಾಡು. ಆಟದಲ್ಲಾದರೋ ಆ ಮೂರು ಸುತ್ತುಗಳು ಹೆಬ್ಬೆರಳಿನ ಒಂದಂಗುಲದಲ್ಲಿ ಅಡಗಬೇಕು! ಬೆರಳಿಗೆ ವಾಹನವು ಎಷ್ಟು ಚುರುಕಾಗಿ ಓಗೊಡಬೇಕೆಂಬುದನ್ನೇ ಆಟಗಾರರು ಸ್ಟೇರಿಂಗಿನ ಸೆನ್ಸಿಟಿವಿಟಿ ಎನ್ನುವರು. ಅದು ಹೆಚ್ಚಾದರೆ ಬಸ್ಸು ಹಾವಿನಂತೆ ಹೊಯ್ದಾಡುವದು. ಕಡಿಮೆಯಾದರೆ ತಿರುವು ದಾಟಿಹೋಗುವದು. ಆದುದರಿಂದ ಅನೇಕ ಆಟಗಳಲ್ಲಿ ವೇಗವೇರಿದಂತೆ ತಿರುವು ತಾನಾಗಿಯೇ ಕುಗ್ಗುವದು. 2012ರಲ್ಲಿ ಪ್ರಾಗ್ ನಗರದ ಸಂಸ್ಥೆಯೊಂದು ಹೊರಡಿಸಿದ ‘ಯೂರೋ ಟ್ರಕ್ ಸಿಮ್ಯುಲೇಟರ್ 2’ರಲ್ಲಿ ಈ ಚುರುಕನ್ನು ಆಟಗಾರನೇ ಹೊಂದಿಸಿಕೊಳ್ಳಬಹುದು, ನಡುವೆ ಮೃದುವಾಗಿಯೂ ತುದಿಗಳಲ್ಲಿ ತೀಕ್ಷ್ಣವಾಗಿಯೂ ಇರುವಂತೆ ಮಾಡಲೂಬಹುದು. ಆಟಕ್ಕೆಂದೇ ಮಾರುವ ಉತ್ತಮ ಸ್ಟೇರಿಂಗುಗಳು 900 ಡಿಗ್ರಿ, ಎಂದರೆ ಎರಡೂವರೆ ಸುತ್ತು ತಿರುಗುವವು. ಒಳಗಿನ ಮೋಟರಿನಿಂದ ಕೈಗೆ ಎದುರುಬಲವನ್ನೂ ಕೊಡುವವು.

ಈ ಆಟಗಳು ಕೇವಲ ಕಾಲಹರಣವೆನ್ನಲಾಗದು. 2011ರಲ್ಲಿ ಇಂಥ ಆಟದ ಸ್ಪರ್ಧೆಯಲ್ಲಿ ಗೆದ್ದ ಬ್ರಿಟನ್ನಿನ ಜಾನ್ ಮಾರ್ಡನ್‌ಬರೋ ಎಂಬ ತರುಣನು 2013ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ ನಿಜವಾದ ಕಾರನ್ನೋಡಿಸಿದನು. ಆದರೆ ನಡುವೆ ಅವನಿಗೆ ನಿಜವಾದ ಕಾರುಗಳಲ್ಲಿ ಶಿಕ್ಷಣವಾಗಿತ್ತೆಂಬುದನ್ನು ನಮ್ಮ ಹುಡುಗರು ಮರೆಯುವರು.

ಕಠೋಪನಿಷತ್ತು ಬುದ್ಧಿಯನ್ನು ಸಾರಥಿಯೆಂದೂ ಮನಸ್ಸನ್ನು ಲಗಾಮೆಂದೂ ಬಣ್ಣಿಸಿದೆ. ಲಗಾಮಿನ ಮೂಲಕ ಸಾರಥಿಯು ಕುದುರೆಗೆ ಹೇಳುವದಷ್ಟೇ ಅಲ್ಲ, ಕುದುರೆಯ ಮಾತನ್ನೂ ಕೇಳುವನು. ಸ್ಟೇರಿಂಗೂ ಹಾಗೆಯೇ. ಭಾರವಾದ ಟ್ರೇಲರುಗಳನ್ನೆಳೆಯುತ್ತ ಏರನ್ನೇರುವಾಗ ಟ್ರ್ಯಾಕ್ಟರಿನ ಮುಂಭಾಗವು ಹಗುರಾಗುವದು; ಆಗ ಸ್ಟೇರಿಂಗು ತಿರುಗಿದರೂ ಟ್ರ್ಯಾಕ್ಟರು ತಿರುಗದು. ಈ ಸೂಚನೆಯನ್ನು ಅಂಗೈ ಅರಿಯಬೇಕು. ಮೊಬಾಯಿಲಿನ ಗಾಜು ಅದನ್ನು ಹೇಳಲಾರದು.

ಮೊನ್ನೆ ಮೊಮ್ಮಗನನ್ನು ಕರೆದೊಯ್ದು, ಎಂಜಿನು ನಿಲ್ಲಿಸಿದ ನೆರೆಯವರ ಹಳೆಯ ಟ್ರ್ಯಾಕ್ಟರಿನ ಮೇಲೆ ಕುಳ್ಳಿರಿಸಿ, “ತಿರುಗಿಸು ನೋಡೋಣ” ಎಂದೆನು. ಎರಡೂ ಕೈಗಳಿಂದ ಜಗ್ಗಿದರೂ ಗಾಲಿ ಅಲುಗಲಿಲ್ಲ. “ಭಾಳ ಬಿಗಿ ಅದ ಅಜ್ಜಾ” ಎಂದು ಕೈಯುಜ್ಜಿಕೊಂಡು ಇಳಿದನು. ನಾನು ನಗಲಿಲ್ಲ.

ಮಕ್ಕಳು ಆಡಲಿ, ಆಟದ ಚುರುಕನ್ನು ತಗ್ಗಿಸಿ, ವಾಹನವು ತೂಕವುಳ್ಳ ವಸ್ತುವೆಂಬ ಅರಿವು ಬರುವಂತೆ ಆಡಲಿ. ಆದರೆ ಕಾಯದೆಯು ಹೇಳುವ 18 ವರ್ಷ ತುಂಬಿ ಲೈಸೆನ್ಸು ದೊರೆಯುವವರೆಗೆ ಕೀಲಿಕೈ ಹಿರಿಯರ ಕಿಸೆಯಲ್ಲಿಯೇ ಇರಲಿ.