ಮಂಡಿ ತೊಳೆಸಿದರೆ ನೋವು ಹೋಗುತ್ತದೆಯೇ?

"ಮಂಡಿ ಸವೆದಿದೆ, ಸಣ್ಣ ತೂತು ಹಾಕಿ ಒಳಗೆ ತೊಳೆದುಬಿಟ್ಟರೆ ಸರಿಹೋಗುತ್ತದೆ" ಎಂದು ನಂಬಿದವರು ಬಹಳ. ನಂಬಿಕೆಗೆ ಕಾರಣವೂ ಇದೆ. ಕೀಹೋಲ್ ಆಪರೇಷನ್ ಮಾಡಿಸಿಕೊಂಡ ಎಷ್ಟೋ ಜನರಿಗೆ ನೋವು ನಿಜಕ್ಕೂ ತಗ್ಗಿದೆ. ಆದರೆ ತಗ್ಗಿದ್ದು ತೊಳೆದದ್ದರಿಂದಲೇ?

ಅಮೆರಿಕದ ಹ್ಯೂಸ್ಟನ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮೂಳೆ ಸರ್ಜನ್ ಬ್ರೂಸ್ ಮೋಸ್ಲಿ ಇದನ್ನು ಪರೀಕ್ಷೆಗೊಡ್ಡಿದರು. ಮಂಡಿ ಸವೆದ 180 ರೋಗಿಗಳು ಎಲ್ಲ ತಿಳಿದೇ ಒಪ್ಪಿಗೆ ಬರೆದುಕೊಟ್ಟರು. ಕೆಲವರ ಮಂಡಿ ತೊಳೆದರು, ಕೆಲವರದ್ದನ್ನು ತೊಳೆದು ಒಳಗಿನ ಒರಟನ್ನೂ ಸವರಿದರು. ಮೂರನೆಯ ಗುಂಪಿಗೆ ಬರೀ ಅಭಿನಯ: ಚರ್ಮಕ್ಕೆ ಮೂರು ಗೀರು ಹಾಕಿ, ಉಪಕರಣಗಳನ್ನೆಲ್ಲ ಒಂದೊಂದಾಗಿ ಕೇಳಿ, ಮಂಡಿಯನ್ನು ಆಚೀಚೆ ಆಡಿಸಿ, ತೊಳೆಯುವ ಸದ್ದಿಗಾಗಿ ನೀರು ಚಿಮ್ಮಿಸಿ, ಅಷ್ಟೇ ಹೊತ್ತು ಥಿಯೇಟರ್‌ನಲ್ಲಿ ಮಲಗಿಸಿದರು. ಕೀಲಿನೊಳಗೆ ಏನನ್ನೂ ಮುಟ್ಟಲಿಲ್ಲ. ಮುಂದಿನ ಎರಡು ವರ್ಷ ನೋವಿನಲ್ಲಾಗಲಿ ನಡಿಗೆಯಲ್ಲಾಗಲಿ ನಿಜವಾದ ಆಪರೇಷನ್ ಆದವರು ಅಭಿನಯದ ಗುಂಪಿಗಿಂತ ಒಮ್ಮೆಯೂ ಮೇಲಿರಲಿಲ್ಲ. ಫಲಿತಾಂಶ ಪ್ರಕಟವಾದದ್ದು 2002ರಲ್ಲಿ.

"ಸರಿ, ಆದರೆ ನನ್ನ ಎಂಆರ್‌ಐನಲ್ಲಿ ಮೆನಿಸ್ಕಸ್ ಹರಿದಿದೆ ಅಂತ ಬಂದಿದೆಯಲ್ಲ?" ಮೆನಿಸ್ಕಸ್ ಎಂದರೆ ಮಂಡಿಯೊಳಗಿನ ಮೃದು ಎಲುಬಿನ ಮೆತ್ತೆ. ಐವತ್ತು ದಾಟಿದವರ ಮಂಡಿಯಲ್ಲಿ ಅದು ಹೀಗೆ ಹರಿದಿರುವುದು ಸಾಮಾನ್ಯ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನವರನ್ನು ಸ್ಕ್ಯಾನ್ ಮಾಡಿದಾಗ, ಅದು ಹರಿದದ್ದು ಕಂಡವರಲ್ಲಿ ಶೇ 61ರಷ್ಟು ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ನೋವು, ಬಿಗಿತ ಏನೂ ಇರಲಿಲ್ಲ. ಸವೆತದಿಂದ ಹರಿದ ಮೆನಿಸ್ಕಸ್ ಕತ್ತರಿಸುವ ಆಪರೇಷನ್ನನ್ನು ಫಿನ್ಲೆಂಡ್‌ನ ವೈದ್ಯರೂ 146 ಜನರಲ್ಲಿ ಮೋಸ್ಲಿಯಂತೆಯೇ ಅಭಿನಯದ ಗುಂಪನ್ನಿಟ್ಟು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಉತ್ತರವೂ ಅದೇ: ಒಂದು ವರ್ಷದ ಬಳಿಕ ಎರಡು ಗುಂಪೂ ಸಮ.

ಹಾಗಾದರೆ ನೋವು ತಗ್ಗಿದ್ದು ಹೇಗೆ? ಸವೆತದ ನೋವು ಏರುತ್ತದೆ, ಇಳಿಯುತ್ತದೆ. ತಡೆಯಲಾರದಷ್ಟು ಏರಿದಾಗಲೇ ನಾವು ಆಪರೇಷನ್‌ಗೆ ಒಪ್ಪುವುದು. ಆಮೇಲೆ ಅದು ಹೇಗೂ ಇಳಿಯಬೇಕು. ಜೊತೆಗೆ ವಿಶ್ರಾಂತಿ, ಫಿಸಿಯೋಥೆರಪಿ, ಗುಣವಾಗುತ್ತದೆಂಬ ಭರವಸೆ. ರೋಗಿ ಹೇಳಿದ್ದು ಸುಳ್ಳಲ್ಲ, ಶ್ರೇಯಸ್ಸು ಸಲ್ಲಿದ್ದು ತಪ್ಪು ಕಡೆಗೆ. 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು, ಸವೆದ ಮಂಡಿಗೆ ಈ ಆಪರೇಷನ್ ಬಹುತೇಕ ಯಾರಿಗೂ ಬೇಡ ಎಂದು ಖಚಿತವಾಗಿ ಹೇಳಿತು. ಸಾಲ ಮಾಡಿಯಾದರೂ ಮಾಡಿಸೋಣ ಎನ್ನುವ ಮನೆಗಳಿಗೆ ಈ ಮಾತು ಮೊದಲು ತಲುಪಬೇಕು.

ಇದನ್ನು ಓದಿ ಎಲ್ಲ ಆಪರೇಷನ್ನೂ ಮೋಸ ಎಂದುಕೊಂಡರೆ ಅದೂ ತಪ್ಪು ಕಲ್ಪನೆಯೇ. ತೀರಾ ಸವೆದ ಕೀಲನ್ನೇ ಬದಲಾಯಿಸುವುದು ಬೇರೆ ಮಾತು. 2015ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನದಲ್ಲಿ, ಕೀಲು ಬದಲಾಯಿಸಿ ವ್ಯಾಯಾಮವನ್ನೂ ಮಾಡಿದವರಿಗೆ ಬರೀ ವ್ಯಾಯಾಮ, ಆಹಾರ ಸಲಹೆ, ಮಾತ್ರೆ ಪಡೆದವರಿಗಿಂತ ಹೆಚ್ಚು ಗುಣ ಕಂಡಿತು. ಗಂಭೀರ ತೊಂದರೆಗಳೂ ಕೀಲು ಬದಲಾಯಿಸಿದ ಗುಂಪಿನಲ್ಲೇ ಹೆಚ್ಚು. ಆದರೆ ಎರಡನೆಯ ಗುಂಪಿನಲ್ಲೂ ನೋವು ತಗ್ಗಿತ್ತು, ಒಂದು ವರ್ಷದೊಳಗೆ ಕೀಲು ಬದಲಾಯಿಸಿಕೊಂಡವರು ಅವರಲ್ಲಿ ಸುಮಾರು ಕಾಲು ಭಾಗ ಮಾತ್ರ.