ಸಿಫರ್, ಸೊನ್ನೆ ಮತ್ತು ನಮ್ಮ ಲೆಡ್ಜರ್

ಪ್ರಥಮ ಪಿಯುಸಿ ಅಕೌಂಟೆನ್ಸಿ ಪುಸ್ತಕದ ಮೊದಲ ಅಧ್ಯಾಯದಲ್ಲೇ ಲೂಕಾ ಪಾಚೋಲಿ ಎಂಬ ಹೆಸರು ಬರುತ್ತದೆ. ಇಟಲಿಯ ಈ ಕ್ರೈಸ್ತ ಸನ್ಯಾಸಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತ ಪುಸ್ತಕದಲ್ಲಿ ಡಬಲ್ ಎಂಟ್ರಿ ಪದ್ಧತಿಯನ್ನು ವಿವರಿಸಿದ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಆ ಲೆಡ್ಜರ್‌ನಲ್ಲಿ ನಾವು ಬರೆಯುವ ಅಂಕಿಗಳು ಇಟಲಿಗೆ ತಲುಪಿದ್ದು ಹೇಗೆ ಎಂದು ಯಾರೂ ಪರೀಕ್ಷೆಯಲ್ಲಿ ಕೇಳುವುದಿಲ್ಲ. ನನಗೆ ಯಾವ ಯುದ್ಧಕ್ಕಿಂತಲೂ ಅದೇ ದೊಡ್ಡ ತಿರುವು ಅನ್ನಿಸುತ್ತದೆ.

ಸೊನ್ನೆಯ ವಿಷಯ ಬಂದರೆ ವಾಟ್ಸ್‌ಆ್ಯಪ್‌ನಲ್ಲಿ ಜಗಳವೇ ಜಾಸ್ತಿ. ನಾವು ಕೊಟ್ಟಿದ್ದನ್ನು ಅರಬರು ತಮ್ಮದು ಎಂದರು ಅಂತ ಒಂದು ಫಾರ್ವರ್ಡ್. ಎಲ್ಲವೂ ಅರಬರದೇ ಅಂತ ಇನ್ನೊಂದು. ನನ್ನ ಫೋನಿಗೆ ಎರಡೂ ಬರುತ್ತವೆ. ಆದರೆ ಆ ಕಾಲದವರು ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕರಾಗಿದ್ದರು.

ಸೊನ್ನೆಯನ್ನು ಕೂಡಿಸುವ, ಕಳೆಯುವ ನಿಯಮಗಳನ್ನು ಬ್ರಹ್ಮಗುಪ್ತ 628ರಲ್ಲಿ ಬರೆದಿಟ್ಟ. ಸುಮಾರು 200 ವರ್ಷಗಳ ನಂತರ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಭಾರತದ ಲೆಕ್ಕಪದ್ಧತಿಯ ಬಗ್ಗೆಯೇ ಒಂದು ಪುಸ್ತಕ ಬರೆದ. ಅದರ ಅರಬ್ಬಿ ಮೂಲ ಕಳೆದುಹೋಗಿದೆ, ಲ್ಯಾಟಿನ್ ಅನುವಾದ ಉಳಿದಿದೆ. ಕಂಪ್ಯೂಟರ್ ಸೈನ್ಸ್‌ನವರು ದಿನಾ ಹೇಳುವ 'ಅಲ್ಗಾರಿದಮ್' ಅವನ ಹೆಸರಿನಿಂದಲೇ ಬಂದದ್ದು. (ಅದೇ ಶತಮಾನದಲ್ಲಿ ನಮ್ಮ ಕಡೆ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದು ಅದರಲ್ಲಿದೆ. ಇಂದು ಹಾಗೆ ಬರೆದರೆ ಮ್ಯಾಥ್ಸ್ ಮೇಡಂ ಬಿಡುವುದಿಲ್ಲ.)

ನನಗೆ ಹೆಚ್ಚು ಇಷ್ಟವಾದವನು ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಅಲ್ ಉಕ್ಲೀದಿಸಿ. ಭಾರತದ ಪದ್ಧತಿಯ ಲೆಕ್ಕವನ್ನು ಆಗ ಹಲಗೆಯ ಮೇಲೆ ಧೂಳು ಹರಡಿ ಮಾಡುತ್ತಿದ್ದರು. ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಕೊನೆಗೆ ಉತ್ತರ ಮಾತ್ರ ಉಳಿಯುತ್ತಿತ್ತು, ನಡುವಿನ ಹಂತಗಳು ಮಾಯ. 952ರ ಸುಮಾರಿಗೆ ಡಮಾಸ್ಕಸ್‌ನಲ್ಲಿ ಬರೆದ ತನ್ನ ಪುಸ್ತಕದಲ್ಲಿ ಉಕ್ಲೀದಿಸಿ ಅದೇ ಲೆಕ್ಕವನ್ನು ಅಳಿಸದೆ, ಕಾಗದದ ಮೇಲೆ ಶಾಯಿಯಲ್ಲಿ ಮಾಡುವ ಕ್ರಮ ತೋರಿಸಿದ. ತಪ್ಪು ಎಲ್ಲಿ ಆಯಿತೆಂದು ಇನ್ನೊಬ್ಬರು ಹಿಂದೆ ಹೋಗಿ ನೋಡಬಹುದು. ಲೆಕ್ಕಪರಿಶೋಧನೆಗೆ ಬೇಕಾಗಿರುವುದೂ ಇದೇ ಅಲ್ಲವೇ? ಅವನ ಪುಸ್ತಕದ ಹೆಸರಿನಲ್ಲೇ 'ಹಿಸಾಬ್ ಅಲ್ ಹಿಂದಿ', ಅಂದರೆ ಭಾರತದ ಲೆಕ್ಕ, ಎಂದಿದೆ. ಯಾರೂ ಯಾರ ಹೆಸರನ್ನೂ ಮುಚ್ಚಿಟ್ಟಿರಲಿಲ್ಲ.

ಇದನ್ನು ಇಟಲಿಗೆ ಒಯ್ದವರಲ್ಲಿ ಮುಖ್ಯನಾದವನು ಒಬ್ಬ ಕಸ್ಟಮ್ಸ್ ಅಧಿಕಾರಿಯ ಮಗ. ಈಗಿನ ಅಲ್ಜೀರಿಯಾದ ಬಿಜಾಯಾ ಬಂದರಿನಲ್ಲಿ ಪೀಸಾ ನಗರದ ವ್ಯಾಪಾರಿಗಳ ಪರವಾಗಿ ಅವನ ತಂದೆ ಕೆಲಸಕ್ಕಿದ್ದ. ಹುಡುಗ ಅಲ್ಲಿ ಭಾರತದ ಒಂಬತ್ತು ಅಂಕಿಗಳನ್ನು ಕಲಿತ. ಅವನೇ ಲಿಯೊನಾರ್ಡೊ, ಫಿಬೊನಾಚಿ ಎಂಬುದು ನಂತರದವರು ಇಟ್ಟ ಹೆಸರು. 1202ರಲ್ಲಿ ಅವನು ಬರೆದ 'ಲಿಬೆರ್ ಅಬಾಚಿ' ಎಂದರೆ ಇಂದು ಎಲ್ಲರಿಗೂ ಮೊಲದ ಲೆಕ್ಕ ನೆನಪಾಗುತ್ತದೆ. ಆದರೆ ಅದರಲ್ಲಿ ಬಹಳಷ್ಟು ಇರುವುದು ನಮ್ಮ ಸಿಲೆಬಸ್ಸೇ: ಸರಕಿನ ಬೆಲೆ, ನಾಣ್ಯ ವಿನಿಮಯ, ಪಾಲುದಾರರ ಲಾಭ ಹಂಚಿಕೆ. ಯುರೋಪಿನವರು ಆಗ ರೋಮನ್ ಅಂಕಿ ಬಳಸುತ್ತಿದ್ದರು. 1888 ಬರೆಯಲು 13 ಅಕ್ಷರ ಬೇಕು. ಅದರಲ್ಲಿ ಗುಣಿಸುವುದು ಇನ್ನೂ ಕಷ್ಟ, ಹಾಗಾಗಿ ಬಿಲ್ಲೆಗಳನ್ನು ಜೋಡಿಸಿ ಲೆಕ್ಕ ಹಾಕಿ ಉತ್ತರವನ್ನಷ್ಟೇ ಬರೆದಿಡುತ್ತಿದ್ದರು.

ನಮ್ಮ ಮನೆಯಲ್ಲಿ ಸೊನ್ನೆಗೆ 'ಸಿಫರ್' ಎನ್ನುತ್ತೇವೆ. ಟೆಸ್ಟ್ ಪೇಪರ್ ಮನೆಗೆ ಬಂದ ದಿನ ಆ ಪದ ಸ್ವಲ್ಪ ಜೋರಾಗಿಯೇ ಕೇಳಿಸುತ್ತದೆ. ಸಂಸ್ಕೃತದ 'ಶೂನ್ಯ' ಎಂದರೆ ಖಾಲಿ. ಅದೇ ಅರ್ಥದ 'ಸಿಫ್ರ್' ಪದವನ್ನು ಅರಬರು ಬಳಸಿದರು. ಫಿಬೊನಾಚಿ ಅದನ್ನು 'ಜೆಫಿರುಮ್' ಎಂದು ಬರೆದ, ಇಟಲಿಯವರ ಬಾಯಲ್ಲಿ ಅದು ಸವೆದು 'ಜೀರೊ' ಆಯಿತು. ಇತ್ತ ಕನ್ನಡದಲ್ಲಿ 'ಶೂನ್ಯ'ವೇ 'ಸೊನ್ನೆ' ಆಯಿತು. ತರಗತಿಯಲ್ಲಿ ಜೀರೊ, ಅಂಗಡಿಯಲ್ಲಿ ಸೊನ್ನೆ, ಮನೆಯಲ್ಲಿ ಸಿಫರ್ ಎನ್ನುವ ನನ್ನಂಥವರು ಒಂದೇ ಪದವನ್ನು ಮೂರು ಸಲ ಹೇಳುತ್ತಿದ್ದೇವೆ.

ಇಷ್ಟು ಸುಲಭದ ಅಂಕಿಗಳನ್ನು ಇಟಲಿ ತಕ್ಷಣ ಒಪ್ಪಿಕೊಂಡಿತೇ ಎಂದರೆ ಇಲ್ಲ. 1299ರಲ್ಲಿ, ಅಂದರೆ ಫಿಬೊನಾಚಿ ಬರೆದು ಹತ್ತಿರ ಹತ್ತಿರ ನೂರು ವರ್ಷವಾದ ಮೇಲೆ, ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘ ತನ್ನ ಸದಸ್ಯರಿಗೆ ಲೆಕ್ಕದ ಪುಸ್ತಕದಲ್ಲಿ ಈ ಅಂಕಿಗಳನ್ನು ಬಳಸಬಾರದೆಂದು ನಿಯಮ ಮಾಡಿತು. ಮೊತ್ತವನ್ನು ಅಕ್ಷರದಲ್ಲೇ ಬರೆಯಬೇಕಿತ್ತು. ಮೋಸದ ಭಯವೇ ಇದಕ್ಕೆ ಕಾರಣ ಎಂದು ಇತಿಹಾಸಕಾರರು ಹೇಳುತ್ತಾರೆ. 0ಗೆ ಒಂದು ಬಾಲ ಸೇರಿಸಿದರೆ 6 ಅಥವಾ 9; ಕೊನೆಗೊಂದು ಸೊನ್ನೆ ಇಟ್ಟರೆ ಸಾಲ ಹತ್ತು ಪಟ್ಟು. ಇದನ್ನು ಅಜ್ಞಾನ ಎಂದು ನಗುವುದು ಸುಲಭ, ಆದರೆ ಸಾಲ ಕೊಟ್ಟವನ ಜಾಗದಲ್ಲಿ ನಿಂತು ನೋಡಿದರೆ ಆ ಭಯ ಸರಿ ಅನ್ನಿಸುತ್ತದೆ. ಬಹಳ ವರ್ಷ ಎರಡೂ ಪದ್ಧತಿಗಳು ಜೊತೆಜೊತೆಗೆ ನಡೆದವು. ಪಾಚೋಲಿ ಬರೆಯುವ ಹೊತ್ತಿಗೆ ಹೊಸ ಅಂಕಿಗಳು ವ್ಯಾಪಾರಿಗಳ ಕೈಗೆ ಚೆನ್ನಾಗಿ ಪಳಗಿದ್ದವು.

ಆ ಭಯ ಇನ್ನೂ ಪೂರ್ತಿ ಹೋಗಿಲ್ಲ. ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತೇವೆ. ಎರಡಕ್ಕೂ ತಾಳೆಯಾಗದಿದ್ದರೆ ಯಾವುದು ಸರಿ? ನಮ್ಮ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಅಕ್ಷರದಲ್ಲಿ ಬರೆದದ್ದು.