ತೆರೆಗೊಂದು ಸೇತುವೆ: ಕಂಪ್ಯೂಟರ್ ಲೇಖದ ಪರಿಶೀಲನೆಯನ್ನು ಕುರಿತು

ಹರಿಹರದಲ್ಲಿ ತುಂಗಭದ್ರೆಗೆ ಅಡ್ಡಲಾಗಿ 1868ರಲ್ಲಿ ಪೂರ್ಣಗೊಂಡ ಕಲ್ಲು ಇಟ್ಟಿಗೆಗಳ ಸೇತುವೆಗೆ ತಲಾ 60 ಅಡಿ ಅಗಲದ 14 ಕಮಾನುಗಳು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯನ್ನು ಅದು ನದಿಯ ಮೇಲೆ ಹೊತ್ತು ದಾಟಿಸಿತು. ಸೇತುವೆಯ ಧರ್ಮ ಎರಡು ದಡಗಳನ್ನು ಕೂಡಿಸುವುದು. ಆದರೆ ಅದು ಈ ದಡದ್ದೂ ಅಲ್ಲ, ಆ ದಡದ್ದೂ ಅಲ್ಲ. ಇಂತಹುದೇ ಸೇತುವೆಯೊಂದು ಇಂದು ಅಂಗೈಯಗಲದ ಯಂತ್ರಗಳೊಳಗೂ ಇದೆ. ಅದನ್ನು ನಡೆಸುವ ಲೇಖವನ್ನು ಬಲ್ಲವರು ಹೇಗೆ ಓದಿ, ತಿದ್ದಿ, ಒಪ್ಪುತ್ತಾರೆಂಬುದನ್ನು ನಮ್ಮ ಅಧ್ಯಾಪಕ ಬಂಧುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ತಿಳಿಯಪಡಿಸುವುದು ಈ ಲೇಖನದ ಉದ್ದೇಶ. ಆವರಗೆರೆ, ದಾವಣಗೆರೆ, ಹರಿಹರಗಳ ಅನೇಕ ಮನೆಗಳ ಮಕ್ಕಳು ಇಂದು ಈ ಕ್ಷೇತ್ರದಲ್ಲಿ ದುಡಿಯುತ್ತಿರುವುದರಿಂದ ವಿಷಯವು ನಮಗೆ ಹೊರಗಿನದಲ್ಲ.

ಕಂಪ್ಯೂಟರಿನ ಸಮಸ್ತ ವ್ಯವಹಾರಕ್ಕೂ ಮೂಲಾಧಾರವಾದ ಲೇಖವನ್ನು ಕರ್ನೆಲ್ ಎಂದು ಕರೆಯುತ್ತಾರೆ. ತಿರುಳು ಎಂಬುದು ಅದರ ಅರ್ಥ. ಫಿನ್ಲೆಂಡ್ ದೇಶದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಎಂಬ ಕರ್ನೆಲ್, ಯಾರು ಬೇಕಾದರೂ ಓದಬಹುದಾದ, ತಿದ್ದುಪಡಿಯನ್ನು ಸೂಚಿಸಬಹುದಾದ ಬಹಿರಂಗ ಕೃತಿ. ಯಂತ್ರದ ಒಂದೊಂದು ಅಂಗವನ್ನೂ ನಡೆಸಲು ಅದರಲ್ಲಿ ಒಂದೊಂದು ಉಪಲೇಖವಿರುತ್ತದೆ. ಅದಕ್ಕೆ ಡ್ರೈವರ್, ಎಂದರೆ ಸಾರಥಿ, ಎಂದು ಹೆಸರು.

ಈಗ ತೆರೆಯ ವಿಚಾರ. ಚಿತ್ರವನ್ನು ರಚಿಸುವ ಸಂಸ್ಕಾರಕ ಒಂದು ಕಡೆ, ಅದನ್ನು ತೋರುವ ತೆರೆ ಇನ್ನೊಂದು ಕಡೆ. ಸಂಸ್ಕಾರಕವು ಡಿ.ಎಸ್.ಐ. ಎಂಬ ಸಂಕೇತಕ್ರಮದಲ್ಲಿ ನುಡಿದರೆ ತೆರೆಯು ಎಲ್.ವಿ.ಡಿ.ಎಸ್. ಎಂಬ ಬೇರೊಂದು ಕ್ರಮವನ್ನು ಮಾತ್ರ ಬಲ್ಲುದಾಗಿರಬಹುದು. ಆಗ ಇವೆರಡರ ನಡುವೆ ಒಂದು ಚಿಕ್ಕ ಬಿಲ್ಲೆಯನ್ನಿಟ್ಟು ಒಂದರ ನುಡಿಯನ್ನು ಇನ್ನೊಂದಕ್ಕೆ ಪರಿವರ್ತಿಸುತ್ತಾರೆ. ಅದೇ ಬ್ರಿಜ್. ವ್ಯಾಕರಣದ ದೃಷ್ಟಾಂತವನ್ನು ಕೊಡುವುದಾದರೆ, ಮನೆ ಎಂಬುದರ ಮುಂದೆ ಅನ್ನು ಎಂಬುದು ಬಂದಾಗ ಮನೆಯನ್ನು ಎಂದಾಗುತ್ತದಷ್ಟೆ. ನಡುವಣ ಯಕಾರವು ಪ್ರಕೃತಿಯದೂ ಅಲ್ಲ, ಪ್ರತ್ಯಯದ್ದೂ ಅಲ್ಲ. ಎರಡು ಸ್ವರಗಳು ಡಿಕ್ಕಿಯಾಗದಂತೆ ನಡುವೆ ಬಂದು ನಿಂತ ಆಗಮ. ಬ್ರಿಜ್ ಎಂಬುದು ಯಂತ್ರದ ಆಗಮಾಕ್ಷರ. ಅದು ಸರಿಯಾಗಿದ್ದರೆ ಯಾರಿಗೂ ಕಾಣದು. ತಪ್ಪಿದರೆ ಪದವೇ ಕೆಡುತ್ತದೆ.

ಈ ಸೇತುವೆಯ ಡ್ರೈವರನ್ನು ಒಬ್ಬನು ಬರೆದೊಡನೆ ಅದು ಕರ್ನೆಲ್ಲಿಗೆ ಸೇರುವುದಿಲ್ಲ. ಬರೆದವನು ಅದನ್ನು ಬಹಿರಂಗವಾಗಿ ಮುಂದಿಡಬೇಕು. ಆ ವಿಭಾಗದ ಅನುಭವಿಗಳು ಸಾಲುಸಾಲಾಗಿ ಓದಿ ಆಕ್ಷೇಪಗಳನ್ನೆತ್ತುತ್ತಾರೆ. ಬರೆದವನು ಉತ್ತರ ಹೇಳಬೇಕು, ಇಲ್ಲವೇ ತಿದ್ದಿ ಮರಳಿ ತರಬೇಕು. ಒಪ್ಪಿಗೆಯಾದ ಮೇಲೆ ಬರೆದವನ ಹೆಸರಿನೊಡನೆ ಪರಿಶೀಲಿಸಿದವನ ಹೆಸರೂ ಲೇಖದ ಚರಿತ್ರೆಯಲ್ಲಿ ಶಾಶ್ವತವಾಗಿ ನಿಲ್ಲುತ್ತದೆ. ಲೇಖವನ್ನು ಸಲ್ಲಿಸುವ ಅಧಿಕಾರ ತನಗುಂಟೆಂದು ಬರೆದವನು ತನ್ನ ಹೆಸರಿನಲ್ಲಿ ಪ್ರಮಾಣೀಕರಿಸುವ ಪದ್ಧತಿ 2004ರಿಂದ ನಡೆದುಬಂದಿದೆ. ಓಲೆಗರಿಯ ಲಿಪಿಕಾರನು ಕೊನೆಯಲ್ಲಿ ತನ್ನ ಹೆಸರನ್ನು ಕಾಣಿಸುತ್ತಿದ್ದ ರೂಢಿ ನಮ್ಮವರಿಗೆ ಅಪರಿಚಿತವಲ್ಲ. ಪಾಠವನ್ನು ಒಪ್ಪಿದವನೂ ಹೆಸರು ಹಾಕಬೇಕೆಂಬುದು ಇಲ್ಲಿಯ ವಿಶೇಷ.

ಪರಿಶೀಲಕನು ನೋಡುವ ಅಂಶಗಳಾವುವು? ಮೊದಲನೆಯದು ಗಣಿತ. ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳುಳ್ಳ ತೆರೆಯನ್ನು ಸೆಕೆಂಡಿಗೆ 60 ಸಲ ತುಂಬಿಸಬೇಕೆಂದಿಟ್ಟುಕೊಳ್ಳೋಣ. ಸಾಲುಗಳ ನಡುವಣ ವಿರಾಮವನ್ನೂ ಸೇರಿಸಿದರೆ ರೂಢಿಯ ಲೆಕ್ಕದಲ್ಲಿ ಅದು 2200ಕ್ಕೆ 1125 ಆಗುತ್ತದೆ. ಇವನ್ನು 60ರಿಂದ ಗುಣಿಸಿದರೆ ಸೆಕೆಂಡಿಗೆ 14 ಕೋಟಿ 85 ಲಕ್ಷ ಬಿಂದುಗಳು. ಬಿಂದುವೊಂದಕ್ಕೆ 24 ಬಿಟ್‌ಗಳಂತೆ ನಾಲ್ಕು ಪಥಗಳಲ್ಲಿ ಹಂಚಿದರೆ ಪಥವೊಂದಕ್ಕೆ 89 ಕೋಟಿ 10 ಲಕ್ಷ ಬಿಟ್‌ಗಳು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಎಸ್.ಎನ್.65 ಡಿ.ಎಸ್.ಐ.83 ಎಂಬ ಬ್ರಿಜ್ಜಿನ ಪಥವೊಂದು ಸೆಕೆಂಡಿಗೆ ಹೊರಬಲ್ಲ ಗರಿಷ್ಠ ಭಾರ 100 ಕೋಟಿ ಬಿಟ್. ನಾಲ್ಕು ಪಥಗಳಿದ್ದರೆ ಸರಿ. ಎರಡೇ ಇದ್ದರೆ ಭಾರವು 178 ಕೋಟಿಯನ್ನು ಮೀರಿ ಸೇತುವೆ ತಾಳದು. ಹೊರಲಾರದ ಭಾರವನ್ನು ಡ್ರೈವರ್ ಮೊದಲೇ ನಿರಾಕರಿಸುವುದೇ ಎಂದು ಪರಿಶೀಲಕನು ಕೇಳುತ್ತಾನೆ.

ಎರಡನೆಯದು ಕ್ರಮ. ಮೊದಲು ವಿದ್ಯುತ್ತು, ಬಳಿಕ ಬಿಲ್ಲೆಯ ಎಚ್ಚರ, ತಯಾರಕರು ಹೇಳಿದಷ್ಟು ಕಾಲದ ವಿಳಂಬ, ಅನಂತರ ಆಜ್ಞೆಗಳು: ಈ ಅನುಕ್ರಮ ತಪ್ಪಬಾರದು. ಮೂರನೆಯದು ಉಪಸಂಹಾರ. ಮೂರು ಸಾಧನಗಳನ್ನು ಒಂದಾದ ಮೇಲೊಂದರಂತೆ ಪಡೆಯುವಾಗ ಮೂರನೆಯದು ದೊರೆಯದಿದ್ದರೆ, ಎರಡನೆಯದನ್ನೂ ಮೊದಲನೆಯದನ್ನೂ ಅದೇ ವಿಲೋಮಕ್ರಮದಲ್ಲಿ ಹಿಂದಿರುಗಿಸಬೇಕು. ಎಲ್ಲವೂ ನೆಟ್ಟಗೆ ನಡೆಯುವ ದಾರಿಯನ್ನು ಬರೆದವನೇ ಹತ್ತಾರು ಸಲ ಪರೀಕ್ಷಿಸಿರುತ್ತಾನೆ. ಕೆಟ್ಟಾಗ ಹಿಡಿಯಬೇಕಾದ ದಾರಿಯನ್ನು ಓದುವುದೇ ಪರಿಶೀಲಕನ ಮುಖ್ಯ ಕೆಲಸ. ನಾಲ್ಕನೆಯದು ವಿವರಣೆ. ಏನನ್ನು ಬದಲಿಸಿದೆ ಎಂಬುದು ಲೇಖದಲ್ಲಿಯೇ ಕಾಣುತ್ತದೆ. ಏಕೆ ಬದಲಿಸಿದೆ ಎಂಬುದನ್ನು ಮಾತಿನಲ್ಲಿ ಹೇಳಬೇಕು. ಒಂದು ತಿದ್ದುಪಡಿ ಒಂದೇ ಕೆಲಸವನ್ನು ಮಾಡಬೇಕು.

ಕ್ರಮದ ಮಹತ್ವಕ್ಕೆ ಒಂದು ನಿಜ ನಿದರ್ಶನವಿದೆ. 1985ರಲ್ಲಿ ಬೆಂಗಳೂರಿಗೆ ಬಂದು ನಮ್ಮ ನಾಡಿನ ತಂತ್ರಜ್ಞರಿಗೆ ಈ ವಿದ್ಯೆಯ ಬಾಗಿಲನ್ನು ತೆರೆದ ಮೊದಲಿಗರಲ್ಲಿ ಮೇಲೆ ಹೇಳಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಒಂದು. ಅದರ ಕೆಲವು ಸಂಸ್ಕಾರಕಗಳಲ್ಲಿ ಕೇಡೆನ್ಸ್ ಸಂಸ್ಥೆ ರೂಪಿಸಿದ ಡಿ.ಎಸ್.ಐ. ಬ್ರಿಜ್ ಇದೆ. ಅದನ್ನು ಬಳಸಿದ ತೆರೆಗಳಲ್ಲಿ ಒಮ್ಮೊಮ್ಮೆ ಬಣ್ಣಗಳು ಪಲ್ಲಟವಾಗುತ್ತಿದ್ದವು: ಕೆಂಪಿದ್ದಲ್ಲಿ ಹಸಿರು, ಹಸಿರಿದ್ದಲ್ಲಿ ನೀಲಿ, ನೀಲಿಯಿದ್ದಲ್ಲಿ ಕೆಂಪು. ಆ ಬ್ರಿಜ್ ಪೂರ್ಣವಾಗಿ ಸಿದ್ಧವಾದ ಮೇಲೆಯೇ ಚಿತ್ರಪ್ರವಾಹ ಆರಂಭವಾಗಬೇಕು; ಆದರೆ ರೂಢಿಯ ಕ್ರಮದಲ್ಲಿ ಪ್ರವಾಹವು ಮೊದಲು ಹರಿದು ಸೇತುವೆ ಆಮೇಲೆ ಏಳುತ್ತಿತ್ತು. ನಡುವಣ ಅಲ್ಪಕಾಲದಲ್ಲಿ ಬಂದ ಸಂಕೇತಗಳು ಒಳಗಿನ ಸರದಿಯನ್ನು ಕೆಡಿಸುತ್ತಿದ್ದವು. ಪ್ರತಿ ಮಾಡುವವನು ಆರಂಭದಲ್ಲಿ ಒಂದಕ್ಷರವನ್ನು ಬಿಟ್ಟರೆ ಎಣಿಸಿ ಬರೆದ ಸಾಲುಗಳೆಲ್ಲ ಒಂದು ಸ್ಥಾನ ಸರಿಯುವಂತೆಯೇ ಇದು.

ದೋಷದ ಕಾರಣ ತಿಳಿದ ಮೇಲೂ ಪರಿಹಾರ ಸುಲಭವಾಗಲಿಲ್ಲ. ಸೇತುವೆಯನ್ನು ಮೊದಲು ಎಬ್ಬಿಸಬೇಕೆಂದರೆ ಎಲ್ಲ ಡ್ರೈವರುಗಳೂ ಹಂಚಿಕೊಂಡಿರುವ ಸಾಮಾನ್ಯ ಕ್ರಮಕ್ಕೇ ಕೈಹಾಕಬೇಕು. ಒಂದು ಮನೆಯ ಬಾಗಿಲನ್ನು ಸರಿಪಡಿಸಲು ಊರ ಬೀದಿಯನ್ನೇ ತಿರುಗಿಸಿದರೆ ಮಿಕ್ಕ ಮನೆಗಳ ಗತಿಯೇನು? ಈ ಪ್ರಶ್ನೆಯನ್ನು ಎದುರಿಸಬೇಕಾದುದರಿಂದಲೇ ಆ ತಿದ್ದುಪಡಿಯ ಸರಣಿಯು ಹತ್ತಕ್ಕೂ ಮಿಕ್ಕಿ ಪರಿಷ್ಕರಣಗಳನ್ನು ಕಂಡಿತು. ಇದನ್ನು ವೃಥಾ ಕಾಲಹರಣವೆಂದು ಭಾವಿಸಬಾರದು. ತೆರೆಯೆಂದರೆ ಮನರಂಜನೆಯ ತೆರೆ ಮಾತ್ರವಲ್ಲ. ರೋಗಿಯ ಹಾಸಿಗೆಯ ಪಕ್ಕದ ಯಂತ್ರಕ್ಕೂ ವಾಹನ ನಡೆಸುವವನ ಮುಂದಿನ ಫಲಕಕ್ಕೂ ತೆರೆಯುಂಟು. ಎಚ್ಚರಿಕೆಯ ಕೆಂಪು ಅಲ್ಲಿ ಹಸಿರಾಗಿ ಕಂಡರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ.

1941ರಲ್ಲಿ ಸ್ಥಾಪನೆಗೊಂಡು, ಇಂದು ಇಲ್ಲವಾಗಿರುವ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳನ್ನು ಮಾಡುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸವೂ ಎಣಿಕೆಗೆ ಬರುವ ಅಂತಹ ಉದ್ಯಮದಲ್ಲಿ, ಕಡೆದ ಭಾಗವನ್ನು ಅಳೆದು ನೋಡುವವನು ಕಡೆದವನ ಶತ್ರುವಲ್ಲ. ಲೇಖಪರಿಶೀಲನೆಯಲ್ಲಿಯೂ ಆಕ್ಷೇಪವು ಲೇಖಕ್ಕೆ, ಲೇಖಕನಿಗಲ್ಲ. ಆದರೆ ಎಲ್ಲರೂ ಓದುವ ಕಡೆ ತನ್ನ ಬರಹಕ್ಕೆ ಬಂದ ಆಕ್ಷೇಪವನ್ನು ಕಂಡು ಎದೆಗುಂದುವ ತರುಣರಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನಲ್ಲಿ ಉತ್ತರಿಸಬೇಕಾದವರಿಗೆ ಆ ಸಂಕೋಚ ಇಮ್ಮಡಿ. ಬರೆಯುವವರು ಬಹಳ, ತಾಳ್ಮೆಯಿಂದ ಓದುವವರು ಸ್ವಲ್ಪ ಎಂಬುದು ಆ ಕ್ಷೇತ್ರದ ಬಹುಕಾಲದ ಕೊರತೆಯೂ ಹೌದು.

ಈ ಕೊರತೆಯನ್ನು ತುಂಬುವ ಶಿಕ್ಷಣ ಶಾಲೆಯಲ್ಲಿಯೇ ಮೊದಲಾಗಬೇಕು. ದಾವಣಗೆರೆಯಲ್ಲಿ 1951ರಿಂದ ಯು.ಬಿ.ಡಿ.ಟಿ. ಕಾಲೇಜೂ 1979ರಿಂದ ಬಾಪೂಜಿ ಇಂಜಿನಿಯರಿಂಗ್ ಕಾಲೇಜೂ ತಂತ್ರವಿದ್ಯೆಯನ್ನು ಕಲಿಸುತ್ತಿವೆ. ಅಲ್ಲಿಗೆ ಹೋಗುವ ಮುನ್ನವೇ ನಮ್ಮ ಮಕ್ಕಳು ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ಓದಿ, ದೋಷವನ್ನು ಕಾರಣಸಹಿತವಾಗಿ ತೋರಿಸಿ, ತಿದ್ದಿಸಿಕೊಂಡವರು ಮುನಿಯದೆ ಮರಳಿ ಬರೆಯುವ ಅಭ್ಯಾಸವನ್ನು ಪಡೆಯಲಿ. ಅಧ್ಯಾಪಕರು ಕೆಂಪು ಶಾಯಿಯ ಗುರುತಿನ ಪಕ್ಕದಲ್ಲಿ ಅದರ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಲಿ. ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ತಾವು ಬರೆದ ಲೇಖಕ್ಕೆ ಬಂದ ಆಕ್ಷೇಪಗಳನ್ನೂ ಕೊಟ್ಟ ಉತ್ತರಗಳನ್ನೂ ಮಕ್ಕಳಿಗೆ ತೋರಿಸಲಿ. ದಾನಿಗಳು ಕಂಪ್ಯೂಟರುಗಳನ್ನು ಕೊಡಿಸುವಾಗ ಅವುಗಳ ಮುಂದೆ ಇಬ್ಬಿಬ್ಬರು ಕುಳಿತು ಓದುವ ಅವಕಾಶವನ್ನೂ ಕಲ್ಪಿಸಲಿ. ಬರೆಯಬಲ್ಲವರೊಡನೆ ಓದಬಲ್ಲವರೂ ಬೆಳೆದಾಗಲೇ ಸೇತುವೆಯು ಭಾರ ಹೊರುತ್ತದೆ.